ಹಲ್ಲು ಬಿದ್ದವರ ರಾಜ್ಯ

ತರಗತಿಯಲ್ಲಿ ಹಾಜರಿ ಕರೆಯುವಾಗ ನನಗೊಂದು ವಿಚಿತ್ರ ಅಭ್ಯಾಸವಿದೆ. ಯಾರಾದರೂ ಬಂದಿಲ್ಲವೆಂದರೆ, ಅವರ ಹೆಸರಿನ ಮುಂದೆ ಗುರುತು ಹಾಕುವ ಮೊದಲು ನನ್ನ ಬಾಯಿಂದ ಸಣ್ಣಗೆ ‘ಹ್ವಾಯ್’ ಎಂದು ಹೊರಡುತ್ತದೆ. ಕುಂದಾಪುರದ ಕಡೆ ಯಾರನ್ನಾದರೂ ಕರೆಯಬೇಕಾದರೆ ಹಾಕುವ ಕೂಗು ಅದು. ನಾನು ಹುಟ್ಟಿದ ಕೇರಿಯಲ್ಲಿ ಕರೆದದ್ದಕ್ಕೆ ಓಗೊಡುವುದಕ್ಕೂ ಅದೇ ಕೂಗು. ಅಂದರೆ, ಬಾರದವರ ಪರವಾಗಿ ನಾನೇ ಓಗೊಟ್ಟ ಹಾಗೆ. ಬಹಳ ಕಾಲ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಒಮ್ಮೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು, “ಮೇಡಂ, ಪ್ರಾಕ್ಸಿ ಹೊಡೂದ್ ನಮ್ ಕೆಲ್ಸ, ನಿಮ್ದಲ್ಲ” ಎಂದಾಗ ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ, ಲೋಟ ಬಿಸಿಯಿದ್ದರೂ ಯಾಕೋ ನನ್ನ ಕೈ ತಣ್ಣಗಿತ್ತು.

ನಾನು ಬ್ರಹ್ಮಾವರದಲ್ಲಿ, ಮುಂದೆ ಶಿಕ್ಷಕರಾಗುವವರಿಗೆ ಪಾಠ ಹೇಳುವವಳು. ಮಕ್ಕಳನ್ನು ನಂಬಬೇಕು, ಅವರ ಜಗಳ ಅವರೇ ಬಗೆಹರಿಸಿಕೊಳ್ಳಲಿ, ದೊಡ್ಡವರು ಕೈಕಟ್ಟಿ ನಿಲ್ಲುವುದನ್ನು ಕಲಿಯಬೇಕು ಎಂದು ಪರದೆಯ ಮೇಲೆ ಬಣ್ಣದ ಚಿತ್ರ ತೋರಿಸುತ್ತ ಪ್ರತಿ ವರ್ಷ ಹೇಳುತ್ತೇನೆ. ಹೇಳಿ ಮುಗಿಸಿ ಹೊರಗೆ ಬಂದವಳೇ ಫೋನು ತೆಗೆದು, ನನ್ನ ಮಗಳು ಇಂಚರ ಅವಳ ಶಾಲೆಯ ಕಾಂಪೌಂಡಿನ ಒಳಗೇ ಇದ್ದಾಳೆಯೇ ಎಂದು ನೋಡುತ್ತೇನೆ. ಅವಳ ಕೈಗೊಂದು ಗಡಿಯಾರ ಕಟ್ಟಿದ್ದೇನೆ. ಅದು ಎಲ್ಲಿದೆಯೋ ಅಲ್ಲಿ ನನ್ನ ಫೋನಿನ ನಕ್ಷೆಯಲ್ಲಿ ಒಂದು ನೀಲಿ ಚುಕ್ಕಿ ಕಾಣುತ್ತದೆ. ಚುಕ್ಕಿ ಆಟದ ಬಯಲಿಗೆ ಹೋದರೆ ನನ್ನ ಜೀವವೂ ಆಟದ ಬಯಲಿಗೆ ಹೋಗುತ್ತದೆ. ಈ ವಿಷಯ ನನ್ನ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ, ನೀವೂ ಹೇಳಬೇಡಿ.

ಈ ಸಲದ ಬೇಸಿಗೆ ರಜೆಯಲ್ಲಿ ಇಂಚರಳನ್ನು ಕರೆದುಕೊಂಡು ನಾವುಂದದ ಕಡಲತಡಿಗೆ ಹೋಗಿದ್ದೆ. ಶಾಲೆಗೆ ಸೇರಿ ಒಂದೆರಡು ವರ್ಷವಾಗುವವರೆಗೆ ನಾನು ಬೆಳೆದದ್ದು ಅಲ್ಲಿನ ಮೀನುಗಾರರ ಕೇರಿಯಲ್ಲಿ. ನನ್ನ ದೊಡ್ಡಪ್ಪನ ಮಗಳು ಜಲಜ ಈಗಲೂ ಅಲ್ಲೇ ಇದ್ದಾಳೆ. ಸ್ಕೂಟರಿನ ಹಿಂದೆ ಐಸಿನ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಮೀನು ಕೊಡುತ್ತಾಳೆ. ನಮ್ಮ ತಾಯಂದಿರಿಗೆ ಸ್ಕೂಟರು ಇರಲಿಲ್ಲ. ಅವರು ಬುಟ್ಟಿ ಹೊತ್ತು ಬೆಳಗಿನ ಬಸ್ಸು ಹಿಡಿದು ಹಟ್ಟಿಯಂಗಡಿ, ಅಮಾಸೆಬೈಲು ಎಂದು ಒಳನಾಡಿಗೆ ಹೋದರೆ ಬರುವುದು ಸೂರ್ಯ ಕೆಂಪಾದ ಮೇಲೆ. ಅಪ್ಪಂದಿರು ಕಡಲಿನಲ್ಲಿ. ಅಜ್ಜಿಯರು ಮೀನು ಒಣಗಿಸುತ್ತ, ಕಾಗೆ ಓಡಿಸುತ್ತ ಇರುತ್ತಿದ್ದರು. ಮಕ್ಕಳನ್ನು ನೋಡುವುದು ಅವರ ಕೆಲಸವಲ್ಲ. ರಜೆಯ ದಿನಗಳಲ್ಲಿ ಹೊಯಿಗೆಯ ಮೇಲೆ, ಅಂದರೆ ಕಡಲ ಮರಳಿನ ಮೇಲೆ, ನಾವೇ ನಾವು. ನಮ್ಮನ್ನು ನಾವೇ ಆಳಿಕೊಳ್ಳುತ್ತಿದ್ದೆವು.

ಆಳುವುದು ಎಂದರೆ ತಮಾಷೆಯ ಮಾತಲ್ಲ. ಕಾನೂನು ಇತ್ತು. ಯಾರ ಹಾಲುಹಲ್ಲು ಎಲ್ಲರಿಗಿಂತ ಈಚೆಗೆ ಬಿದ್ದಿದೆಯೋ ಅವರೇ ಯಜಮಾನರು. ಇನ್ನೊಬ್ಬರ ಹಲ್ಲು ಬೀಳುವವರೆಗೆ ಅವರ ಮಾತೇ ಮಾತು. ಮುಂದಿನ ಹಲ್ಲುಗಳು ಹೊಸದಾಗಿ ಪೂರ್ತಿ ಬಂದವರು ‘ದೊಡ್ಡೋರು’. ಅವರು ತಾವಾಗಿಯೇ ಹೊಯಿಗೆ ಬಿಟ್ಟು ಹೋಗಬೇಕು. ಹಾಗಾಗಿ ದೊಡ್ಡ ದೇಹದವರು ಆಳಿದ ಚರಿತ್ರೆಯೇ ನಮ್ಮಲ್ಲಿಲ್ಲ. ಮಂಜ ಎಂಬವನು ಅಧಿಕಾರದ ಆಸೆಗೆ ಬಿದ್ದು, ಗಟ್ಟಿಯಿದ್ದ ಹಲ್ಲಿಗೆ ಬಲೆಯ ನೂಲು ಕಟ್ಟಿ ಎಳೆಸಿಕೊಂಡು ರಕ್ತ ಸುರಿಸುತ್ತ ಬಂದ. ವಿಚಾರಣೆ ನಡೆಯಿತು. ತಾನಾಗಿ ಬೀಳದ ಹಲ್ಲಿಗೆ ಆಳುವ ಹಕ್ಕಿಲ್ಲ ಎಂದು ತೀರ್ಪಾಯಿತು. ಅವನು ಹಲ್ಲೂ ಇಲ್ಲದೆ ಪಟ್ಟವೂ ಇಲ್ಲದೆ ಮಗುಚಿ ಹಾಕಿದ ಹಳೆಯ ದೋಣಿಯ ಅಡಿಯಲ್ಲಿ ಕುಳಿತು ಅತ್ತ. ದೋಣಿಯ ಅಡಿಯೇ ನಮ್ಮ ಜೈಲು ಕೂಡ. ತಪ್ಪು ಮಾಡಿದವರು ಮುಂದಿನ ರೈಲಿನ ಸದ್ದು ಕೇಳುವವರೆಗೆ ಅಲ್ಲಿ ಮಾತಾಡದೆ ಕೂರಬೇಕಿತ್ತು. ಯಾರೂ ಕಾವಲಿಗಿರಲಿಲ್ಲ, ಯಾರೂ ಓಡಿಹೋಗುತ್ತಲೂ ಇರಲಿಲ್ಲ.

ನಾನೂ ಒಮ್ಮೆ ಆಳಿದ್ದೇನೆ ಎಂಬ ನೆನಪು ನನಗೆ ಬಹಳ ಸ್ಪಷ್ಟವಾಗಿದೆ. ನಾಲಗೆಗೆ ಸಿಗುವ ಸಂದಿ, ಕಾಲಡಿಯಲ್ಲಿ ಬಿಸಿ ಹೊಯಿಗೆ, ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿರುವುದು. ಇದನ್ನು ಜಲಜಳಿಗೆ ಹೇಳಿದರೆ ಅವಳು ಮೀನಿನ ಹುರುಪೆ ಹಾರಿಸುತ್ತಲೇ ನಕ್ಕಳು.

“ನೀ ಆಳಿದ್ದಾ? ನಿನ್ ಒಂದ್ ಹಲ್ಲಾರೂ ಬಿದ್ದಿತ್ತಾ ಹೆಣೇ ಆಗ? ಹಲ್ ಬೀಳುಕ್ ಮುಂಚೆ ನಿನ್ ಅಪ್ಪಯ್ಯ ನಿಮ್ಮನ್ನ್ ಕಟ್ಕಂಡ್ ಕುಂದಾಪ್ರಕ್ಕ್ ಹೋಯ್ ಆಯ್ತ್. ಅದ್ ನನ್ ಹಲ್. ನನ್ ಆಳ್ವಿಕಿ.”

ಇರಬಹುದು. ನಾನು ದಿನಚರಿ ಬರೆಯುವವಳು. ಬರೆದಷ್ಟೂ ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆಯಾಗಿದೆ. ಬೇರೆಯವರ ಹಲ್ಲಿನ ಸಂದಿಯನ್ನು ನನ್ನ ನಾಲಗೆ ಇಷ್ಟು ವರ್ಷ ತಡವಿಕೊಂಡು ಬಂದಿದ್ದರೆ ಆಶ್ಚರ್ಯವೇನಿಲ್ಲ.

ಆದರೆ ಎರಡು ಸಂಗತಿಗಳ ಬಗ್ಗೆ ನಮ್ಮಿಬ್ಬರ ನೆನಪೂ ಒಂದೇ.

ಒಂದು, ಸಂಜೆಯ ಕರೆ. ಮನೆಗೆ ಹೋಗುವ ಮೊದಲು ಯಜಮಾನರು ಕಡಲಿಗೆ ಮುಖ ಮಾಡಿ ನಿಂತು ಎಲ್ಲರ ಹೆಸರನ್ನು ಒಂದೊಂದಾಗಿ ಕರೆಯಬೇಕು, ಕರೆಸಿಕೊಂಡವರು ‘ಹ್ವಾಯ್’ ಎನ್ನಬೇಕು. ಎಲ್ಲ ಹೆಸರಿಗೂ ಉತ್ತರ ಬರುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ನೀರು ಯಾರನ್ನಾದರೂ ತೆಗೆದುಕೊಂಡಿದೆಯೇ ಎಂದು ನೋಡುವ ಉಪಾಯ ಎಂದು ಈಗ ಅನಿಸುತ್ತದೆ. ಆಗ ಹಾಗೇನೂ ಅನಿಸುತ್ತಿರಲಿಲ್ಲ. ಒಬ್ಬ ಹುಡುಗಿಯ ಮನೆಯವರು ಮುಂಬಯಿಗೆ ಹೋದಾಗ ಅವಳ ಹೆಸರು ತೆಗೆಯಬೇಕೇ ಬೇಡವೇ ಎಂದು ದೊಡ್ಡ ವಾದವಾಯಿತು. “ಹೆಸ್ರ್ ತೆಗುಕಾಗ. ತೆಗ್ದ್ರೆ ನೀರ್ ತಕಂಡ್ ಹೋಯ್ತ್ ಅಂದ್ಹಾಂಗ್ ಆತ್ತ್” ಎಂದು ಅವತ್ತಿನ ಯಜಮಾನರು ಹೇಳಿದರು. ಅಂದಿನಿಂದ ದೂರ ಹೋದವರ ಹೆಸರನ್ನೂ ಕರೆಯುವುದು, ಉಳಿದವರೆಲ್ಲ ಒಟ್ಟಾಗಿ ಅವರ ಪರವಾಗಿ ಓಗೊಡುವುದು ರೂಢಿಯಾಯಿತು. ಹಾಜರಿ ಕರೆಯುವಾಗ ನನ್ನ ಬಾಯಿಂದ ಹೊರಡುವ ಸದ್ದಿನ ಮೂಲ ಇದೇ ಇರಬೇಕು.

ಕರೆಯ ಮೊದಲ ಹೆಸರು ಮಾತ್ರ ಯಾರದು ಎಂದು ಯಾರಿಗೂ ಗೊತ್ತಿರಲಿಲ್ಲ. ಅಕ್ಕು. ನಮಗಿಂತ ಮುಂಚಿನವರೂ ಅದರಿಂದಲೇ ಶುರುಮಾಡುತ್ತಿದ್ದರು. ಅಕ್ಕುವಿನ ಪರವಾಗಿ ಯಾರೂ ಓಗೊಡಬಾರದು. ‘ಅಕ್ಕೂ’ ಎಂದು ಕರೆದು, ಒಂದು ತೆರೆ ಬಂದು ಒಡೆಯುವವರೆಗೆ ಕಾಯಬೇಕು. ಆ ಸದ್ದೇ ಉತ್ತರ. ಬಿದ್ದ ಹಲ್ಲನ್ನು ಕಡಲಿಗೆ ಎಸೆಯುವುದಕ್ಕೆ ‘ಅಕ್ಕುಗ್ ಕೊಡೂದು’ ಎಂದೇ ಹೇಳುತ್ತಿದ್ದೆವು. ಅಜ್ಜಿಯ ಹತ್ತಿರ ಅಕ್ಕು ಯಾರೆಂದು ಕೇಳಿದಾಗ ಅವಳು ಒಣಮೀನು ಮಗುಚುವುದನ್ನು ನಿಲ್ಲಿಸಿ, “ನೀವಿನ್ನೂ ಕರೀತ್ರ್ಯಾ ಅದನ್ನ್?” ಎಂದಷ್ಟೇ ಹೇಳಿದಳು.

ಎರಡನೆಯ ಸಂಗತಿ, ಕಡಲ ಬದಿಯಿಂದ ಬಂದ ಕರೆಯ ಬಗ್ಗೆ. ನೀರಿನ ಕಡೆಯಿಂದ ಯಾರು ಹೆಸರು ಹಿಡಿದು ಕರೆದರೂ ಓಗೊಡಬಾರದು. ಅಮ್ಮನ ಧ್ವನಿಯಾದರೂ. ಅಮ್ಮನ ಧ್ವನಿಯಾದರಂತೂ. ಈ ಕಾನೂನಿಗೆ ದೊಡ್ಡವರೂ ತಲೆಬಾಗಿದ್ದರು. ನಮ್ಮ ಅಪ್ಪಂದಿರು ದೋಣಿಯಿಂದ ಇಳಿದು, ಬಲೆಯ ಬುಟ್ಟಿ ಹೊತ್ತು, ನಮ್ಮನ್ನು ನೋಡಿಯೂ ನೋಡದವರಂತೆ ದಾಟಿ, ರಸ್ತೆಯ ಕಡೆಗೆ ಹೋಗಿ ನಿಂತು, ಆಮೇಲೆ ತಿರುಗಿ ನಮ್ಮನ್ನು ಕರೆಯುತ್ತಿದ್ದರು. ಮಕ್ಕಳು ಮಾಡಿದ ಕಾನೂನಿಗೆ ಗಟ್ಟಿ ಮೀಸೆಯ ಗಂಡಸರು ಹೀಗೆ ಸುತ್ತು ಹಾಕಿಕೊಂಡು ಬರುವುದು ಆಗ ನಮಗೆ ಸಹಜವಾಗಿ ಕಾಣುತ್ತಿತ್ತು.

ಇದನ್ನೆಲ್ಲ ಈಗ ಸರಾಗವಾಗಿ ಬರೆಯುತ್ತಿದ್ದೇನೆ. ಅವತ್ತು ಇದರಲ್ಲಿ ಒಂದೂ ನೆನಪಾಗಲಿಲ್ಲ.

ಅವತ್ತು ಮಧ್ಯಾಹ್ನ ನಾವು ಜಲಜಳ ಮನೆಯಲ್ಲಿದ್ದಾಗ ಅವಳ ಮಗಳು ಸನ್ನಿಧಿ ಬಂದು ಬಾಗಿಲಲ್ಲಿ ನಿಂತಳು. ಇಂಚರಳಿಗಿಂತ ಸ್ವಲ್ಪ ದೊಡ್ಡವಳು, ಬಾಯಲ್ಲಿ ಹೊಸ ಹಲ್ಲು ಅರ್ಧ ಇಣುಕುತ್ತಿತ್ತು. “ಇಂಚರಂದ್ ಹಲ್ ಅಲ್ಗಾಡ್ತತ್ತ್. ಅವ್ಳ್ ಬರ್ಕಂಬ್ರ್” ಎಂದಳು. ಅವಳು ಬರಬೇಕಂತೆ. ಯಾರು ಹೇಳಿದರು ಎಂದು ನಾನು ಕೇಳಲಿಲ್ಲ. ಇಂಚರ ಆಗಲೇ ಚಪ್ಪಲಿ ಬಿಟ್ಟು ಅಂಗಳಕ್ಕೆ ಇಳಿದಿದ್ದಳು.

“ನಾನೂ ಬರುತ್ತೇನೆ” ಎಂದೆ.

ಸನ್ನಿಧಿ ನನ್ನ ಬಾಯಿಯನ್ನು ನೋಡಿದಳು. ಹಲ್ಲುಗಳನ್ನು ಎಣಿಸುವಂತೆ ನೋಡಿದಳು. “ನೀವ್ ಬಪ್ಪುಕಾಗ” ಎಂದಳು. ದೊಡ್ಡವರು ಬರಬಾರದಂತೆ.

ಜಲಜ ಒಳಗಿನಿಂದ ಕೂಗಿ ಹೇಳಿದಳು: “ಕಳ್ಸ್ ಮಾರಾಯ್ತಿ. ಎಂತ ಆತಿಲ್ಲೆ. ಕಾಲೇಜಂಗೆ ಅದನ್ನೇ ಅಲ್ದಾ ನೀ ಹೇಳ್ಕೊಡೂದ್?”

ಕಳಿಸಿದೆ. ಗಡಿಯಾರ ಕೈಯಲ್ಲಿದೆಯೇ ಎಂದು ನೋಡಿಯೇ ಕಳಿಸಿದೆ.

ನೀಲಿ ಚುಕ್ಕಿ ಮನೆಯಿಂದ ಹೊರಟು, ಮೀನು ಒಣಗಿಸುವ ಜಾಗ ದಾಟಿ, ಹೊಯಿಗೆಗೆ ಇಳಿದು ನಿಂತಿತು. ಅಲ್ಲೇ ನಿಂತಿತು. ಒಂದು ಚಹಾ ಕುಡಿದೆ, ಚುಕ್ಕಿ ಅಲ್ಲೇ. ಜಲಜ ಸ್ಕೂಟರು ಹತ್ತಿ ಮಾರಾಟಕ್ಕೆ ಹೋದಳು, ಚುಕ್ಕಿ ಅಲ್ಲೇ. ಆಡುವ ಮಗು ಅಲುಗದೆ ಒಂದೇ ಕಡೆ ಇರುವುದು ಹೇಗೆ? ಬಿಸಿಲು ಇಳಿಯತೊಡಗಿದಾಗ ತಡೆಯಲಾಗದೆ ಹೊರಟೆ.

ತಡಿಯಲ್ಲಿ ಯಾರೂ ಇರಲಿಲ್ಲ. ನಮ್ಮ ಮರದ ದೋಣಿಯಿದ್ದ ಜಾಗದಲ್ಲಿ ಈಗ ಒಡೆದ ಫೈಬರ್ ದೋಣಿಯೊಂದು ಮಗುಚಿಕೊಂಡಿದೆ. ಅದರ ಮೂತಿಗೆ ಕಟ್ಟಿದ ಹಗ್ಗದಲ್ಲಿ ಇಂಚರಳ ಗಡಿಯಾರ ತೂಗಾಡುತ್ತಿತ್ತು. ದೋಣಿಯ ಅಡಿಗೆ ಬಗ್ಗಿ ನೋಡಿದೆ, ತಂಪು ಹೊಯಿಗೆ ಬಿಟ್ಟರೆ ಏನಿಲ್ಲ. ಸುತ್ತಲೂ ಸಣ್ಣ ಸಣ್ಣ ಹೆಜ್ಜೆಗಳು. ಅವೆಲ್ಲ ನೀರಿನ ಕಡೆಗೆ ಹೋಗಿದ್ದವು. ಮರಳಿ ಬಂದ ಹೆಜ್ಜೆ ನನಗೆ ಕಾಣಲಿಲ್ಲ. ಇತ್ತೋ ಏನೋ, ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಹೆಜ್ಜೆಗಳ ಹಿಂದೆಯೇ ಓಡಿದೆ. ಸೀರೆಯೊಂದಿಗೆ ಮೊಣಕಾಲುದ್ದ ನೀರಿಗೆ ಇಳಿದು, ಆಚೆ ಈಚೆ ನೋಡಿದೆ. ಕಡಲು ಸುಮ್ಮನೆ ಬರುತ್ತಿತ್ತು, ಹೋಗುತ್ತಿತ್ತು. ತಿರುಗಿ ದಡಕ್ಕೆ ಮುಖ ಮಾಡಿ, ಗಂಟಲು ಹರಿಯುವಂತೆ ಕೂಗಿದೆ: “ಇಂಚರಾ! ಇಂಚರಾ, ಬಾ ಇಲ್ಲಿ! ಅಮ್ಮ ಕರೀತಿದ್ದಾಳೆ, ಬಾ!”

ಯಾರೂ ಓಗೊಡಲಿಲ್ಲ. ದಡದ ಮೇಲಿನ ಕೇದಗೆ ಪೊದೆಗಳು ಗಾಳಿಯಿಲ್ಲದೆ ನಿಂತಿದ್ದವು. ಇಡೀ ತಡಿ ನನ್ನನ್ನೇ ನೋಡುತ್ತಿರುವ ಹಾಗೆ ಅನಿಸಿತು. ಮತ್ತೆ ಕೂಗಿದೆ. ನನ್ನ ಧ್ವನಿ ನನಗೇ ಬೇರೆಯಾಗಿ ಕೇಳಿಸಿತು, ಬೇರೆ ಯಾರೋ ನನ್ನ ಧ್ವನಿ ಕಲಿತು ಕೂಗುತ್ತಿರುವಂತೆ.

“ಹ್ವಾಯ್! ಎಂತ ಮಾಡ್ತೆ ನೀ ಅಲ್ಲ್!” ಜಲಜ ಸ್ಕೂಟರನ್ನು ದಾರಿಯಲ್ಲೇ ಕೆಡವಿ ಓಡಿ ಬರುತ್ತಿದ್ದಳು. “ನೀರಂಗ್ ನಿಂತ್ಕಂಡ್ ಮಗೀನ್ ಹೆಸ್ರ್ ಕೂಗ್ತ್ಯಾ? ತಲೆ ಸಮ ಇತ್ತಾ ನಿಂಗೆ? ಮೇಲ್ ಬಾ ಮೊದ್ಲ್!”

“ಇಂಚರ ಇಲ್ಲ ಜಲಜ. ಯಾರೂ ಇಲ್ಲ. ಹೆಜ್ಜೆ ನೋಡು, ಎಲ್ಲ ನೀರಿಗೆ...”

“ಇದ್ದ್ರ್. ಎಲ್ಲ ಇದ್ದ್ರ್. ನೀ ಕೂಗುವಷ್ಟ್ ಹೊತ್ತ್ ಒಂದೂ ಉಸ್ರ್ ಬಿಡೂದಿಲ್ಲೆ.” ಅವಳು ನನ್ನ ರಟ್ಟೆ ಹಿಡಿದು ಒಣ ಹೊಯಿಗೆಗೆ ಎಳೆದು ತಂದಳು. “ಎಲ್ಲ ಮರ್ತ್ಯಲೆ ಹೆಣೇ.”

ಆಗ ನೆನಪಾಯಿತು. ಯಾವುದಕ್ಕೆ ಓಗೊಡಬೇಡಿ ಎಂದು ನಮಗೆ ನಾವೇ ಕಾನೂನು ಮಾಡಿಕೊಂಡಿದ್ದೆವೋ, ಅದೇ ಜಾಗದಲ್ಲಿ, ಅದೇ ಧ್ವನಿಯಲ್ಲಿ, ನಾನು ನಿಂತಿದ್ದೆ.

ಆದರೂ ಫೋನು ತೆಗೆದೆ. ಕೇರಿಯ ಗಂಡಸರನ್ನು ಕರೆಸಬೇಕು, ದೋಣಿ ಇಳಿಸಬೇಕು, ಪೊಲೀಸರಿಗೆ ಹೇಳಬೇಕು. ಜಲಜ ತಡೆಯಲಿಲ್ಲ. “ಕರಿ ಬೇಕಿದ್ರೆ. ಹುಡ್ಕುಕ್ ಹೊರ್ಟ್ರೆ ಅವ್ರ್ ಇನ್ನೂ ಒಳ್ಗೆ ಹೋತ್ರ್, ಅಷ್ಟೇ. ನನ್ ಮಗ್ಳೂ ಅಲ್ಲೇ ಇತ್ತಲೆ. ನಾ ಕೂಕೊಂಡಿಲ್ಯಾ?” ಎಂದು ಕಡಲಿಗೆ ಬೆನ್ನು ಹಾಕಿ ಹೊಯಿಗೆಯ ಮೇಲೆ ಕುಳಿತುಬಿಟ್ಟಳು. ಸೂರ್ಯ ನೀರು ಮುಟ್ಟಲು ಇನ್ನು ಸ್ವಲ್ಪವೇ ಬಾಕಿಯಿತ್ತು. ಜೀವಮಾನವಿಡೀ ತರಗತಿಯಲ್ಲಿ ಹೇಳಿಕೊಂಡು ಬಂದ ಒಂದೇ ಒಂದು ವಾಕ್ಯವನ್ನು ಆಚರಿಸಬೇಕಾದ ಸಮಯ ಬಂದಿತ್ತು. ಅದನ್ನು ಆಚರಿಸಿ ನನ್ನ ಲೆಕ್ಕ ತಪ್ಪಿದರೆ ಮಗಳಿಲ್ಲ. ನಾನು ಕುಳಿತದ್ದು ನಂಬಿಕೆಯಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ಜಲಜ ಕುಳಿತಿದ್ದಳಲ್ಲ, ಅದಕ್ಕೆ ಕುಳಿತೆ.

ಎಷ್ಟು ಹೊತ್ತೋ. ಆಮೇಲೆ ಕೇದಗೆ ಪೊದೆಯ ಹಿಂದಿನಿಂದ ಒಂದು ಧ್ವನಿ ಎದ್ದಿತು.

“ಅಕ್ಕೂ...”

ಇಂಚರಳ ಧ್ವನಿ. ಆದರೆ ಹಲ್ಲಿಲ್ಲದ ಸಂದಿಯಿಂದ ಗಾಳಿ ಸೋರುವ ಧ್ವನಿ. ನಾನು ಎದ್ದು ಓಡುವವಳಿದ್ದೆ. ಜಲಜ ಸೆರಗು ಹಿಡಿದು ಕೂರಿಸಿದಳು.

ಎಲ್ಲರೂ ಕಾದರು. ನಾವೂ ಕಾದೆವು. ನನ್ನ ಬೆನ್ನ ಹಿಂದೆ ತೆರೆಯೊಂದು ಬಂತು, ಒಡೆಯಿತು.

ಹೆಸರುಗಳು ಬರತೊಡಗಿದವು. ನನಗೆ ಗೊತ್ತಿಲ್ಲದ ಹಳೆಯ ಹೆಸರುಗಳು, ಒಂದೊಂದಕ್ಕೂ ಹಲವು ಸಣ್ಣ ಬಾಯಿಗಳ ಒಟ್ಟು ಕೂಗು. ಆಮೇಲೆ ಮಂಜ. ಮುಂಬಯಿಗೆ ಹೋದ ಆ ಹುಡುಗಿ. “ಜಲ್ಜಿ!” ಎಂದಾಗ ನನ್ನ ಪಕ್ಕದಲ್ಲಿದ್ದ ಜಲಜ, ಕಾಲಿಗೆ ಅಂಟಿದ ಹೊಯಿಗೆ ಕೊಡವುತ್ತ, ದಿನವೂ ಮಾಡುವ ಕೆಲಸದಂತೆ “ಹ್ವಾಯ್” ಎಂದಳು.

“ಬೊಂಡ!”

ಬೊಂಡ ಎಂದರೆ ಎಳನೀರು. ನನ್ನ ತಲೆ ಗುಂಡಗಿತ್ತು, ಹಾಗಾಗಿ ಆ ಹೊಯಿಗೆಯ ಮೇಲೆ ಮಾತ್ರ ನನಗಿದ್ದ ಹೆಸರು ಅದು. ಕುಂದಾಪುರಕ್ಕೆ ಹೋದ ಮೇಲೆ ಯಾರೂ ಹಾಗೆ ಕರೆದಿಲ್ಲ. ಮಗಳಿಗೆ ನಾನು ಹೇಳಿಲ್ಲ. ಹೇಳಿಲ್ಲ ಎಂದೇ ನನ್ನ ನಂಬಿಕೆ.

ಒಟ್ಟು ಕೂಗು ಬರಲಿಲ್ಲ. ಇಷ್ಟು ವರ್ಷ ಎಲ್ಲರೂ ಸೇರಿ ಓಗೊಟ್ಟಿದ್ದ ಹೆಸರಿನವಳು ಈಗ ಎದುರಿಗೇ ಇದ್ದಾಳೆ, ತಾನೇ ಓಗೊಡಲಿ ಎಂದು ಪೊದೆಯ ಹಿಂದೆ ಮಕ್ಕಳು ಕಾಯುತ್ತಿದ್ದರು.

“ನಿಂದೇ ಅದ್” ಎಂದು ಜಲಜ ಮೊಣಕೈಯಿಂದ ತಿವಿದಳು. “ನೀ ಹೇಳ್ದೆ ಇದ್ರೆ ಅವ್ರ್ ಮನಿಗ್ ಬಪ್ಪುಕಿಲ್ಲೆ.”

ಪೊದೆಯ ಕಡೆಗೆ ಮುಖ ಮಾಡಿ “ಹ್ವಾಯ್” ಎಂದೆ.

ಕರೆ ಮುಂದಕ್ಕೆ ಸಾಗಿತು. ಎಲ್ಲಕ್ಕೂ ಕೊನೆಗೆ “ಗಡ್ಯಾರ!” ಎಂಬ ಹೊಸ ಹೆಸರು ಬಂತು. ಅದಕ್ಕೆ ಕರೆದ ಧ್ವನಿಯೇ ಓಗೊಟ್ಟಿತು. ನನ್ನ ಮಗಳು, ತನ್ನನ್ನು ತಾನೇ.

ಮಕ್ಕಳು ಪೊದೆಯಿಂದ ಒಬ್ಬೊಬ್ಬರಾಗಿ ಹೊರಬಂದು ಮನೆಗಳಿಗೆ ನಡೆದರು. ಇಂಚರ ಓಡಿ ಬಂದು ಅಪ್ಪಿಕೊಳ್ಳಲಿಲ್ಲ. ಯಜಮಾನರಲ್ಲವೇ, ಎಲ್ಲರಿಗಿಂತ ಹಿಂದೆ ನಿಧಾನವಾಗಿ ಬಂದಳು. ಕೆಳಗಿನ ಹಲ್ಲು ಹೋಗಿತ್ತು. ಅದನ್ನು ಅಕ್ಕುಗೆ ಕೊಡಲು ಎಲ್ಲರೂ ನೀರಿನವರೆಗೆ ಹೋಗಿ, ಆಚೆಯ ತಡೆಗೋಡೆಯ ಕಲ್ಲುಗಳ ಮೇಲೆ ಹತ್ತಿ ಸುತ್ತಿಕೊಂಡು ಬಂದರಂತೆ. ಹೆಜ್ಜೆಗಳ ಕಥೆ ಅಷ್ಟು ಸರಳ.

“ನಾನು ಕೂಗಿದ್ದು ಕೇಳಲಿಲ್ವಾ?” ಎಂದೆ.

“ಕೇಂಡಿತ್ತ್.” ಒಂದು ಮಧ್ಯಾಹ್ನದಲ್ಲಿ ಅವಳ ಮಾತೇ ಬದಲಾಗಿತ್ತು.

“ಮತ್ತೆ ಯಾಕೆ ಓಗೊಡಲಿಲ್ಲ? ನನ್ನ ನೋಡಲಿಲ್ವಾ?”

“ಕಂಡೆ. ನಿನ್ನ್ ಹಾಂಗೇ ಇತ್ತ್” ಎಂದಳು.

ಹೆಸರುಗಳನ್ನು ಇಂಚರಳಿಗೆ ನೀವೆಲ್ಲ ಹೇಳಿಕೊಟ್ಟಿರಾ ಎಂದು ಸನ್ನಿಧಿಯನ್ನು ಕೇಳಿದೆ. “ಇಲ್ಲೆ. ಹಲ್ ಬಿದ್ದೋರಿಗ್ ಗೊತ್ತಾತ್ತ್” ಎಂದು ಅವಳು ಓಡಿಹೋದಳು. ಅವತ್ತಿನ ದಿನಚರಿಯಲ್ಲಿ ‘ಸನ್ನಿಧಿ ಇಂಚರಳ ಕಿವಿಯಲ್ಲಿ ಹೆಸರುಗಳನ್ನು ಪಿಸುಗುಟ್ಟುತ್ತಿದ್ದಳು’ ಎಂದು ಬರೆದಿದ್ದೇನೆ. ನಾನು ಅದನ್ನು ನೋಡಿಲ್ಲ. ನೋಡದ್ದನ್ನು ಬರೆದುಕೊಂಡರೆ ಮುಂದೆ ನೋಡಿದ ಹಾಗೇ ನೆನಪಾಗುತ್ತದೆ ಎಂಬ ಧೈರ್ಯಕ್ಕೆ ಬರೆದೆ.

ಬ್ರಹ್ಮಾವರಕ್ಕೆ ಮರಳಿದ ಮೇಲೆ ಗಡಿಯಾರವನ್ನು ನಾನೇ ಮೊಳೆಗೆ ತೂಗುಹಾಕಿದೆ. ನೀಲಿ ಚುಕ್ಕಿ ಈಗ ಯಾವಾಗ ನೋಡಿದರೂ ಮನೆಯಲ್ಲೇ ಇರುತ್ತದೆ. ಇಂಚರ ಅಂಗಡಿಗೆ, ಪಕ್ಕದ ಬೀದಿಗೆ ಒಬ್ಬಳೇ ಹೋಗಿ ಬರುತ್ತಾಳೆ. ನಾನು ಕೈಕಟ್ಟಿ ನಿಲ್ಲುವುದನ್ನು ಕಲಿಯುತ್ತಿದ್ದೇನೆ. ಸಂಜೆ ಮಾತ್ರ ಅವಳು ಬಾಲ್ಕನಿಯಲ್ಲಿ ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತಾಳೆ. ನಮ್ಮ ಮನೆಗೆ ಕಡಲು ಕೇಳಿಸುವುದಿಲ್ಲ, ಹೆದ್ದಾರಿಯ ಲಾರಿಗಳಷ್ಟೇ. ಆದರೂ ‘ಅಕ್ಕೂ’ ಎಂದು ಕರೆದು ಕಾಯುತ್ತಾಳೆ. ಸ್ವಲ್ಪ ಹೊತ್ತಿಗೆ, ಏನೋ ಕೇಳಿಸಿದವಳ ಹಾಗೆ ತಲೆಯಾಡಿಸಿ ಮುಂದಿನ ಹೆಸರಿಗೆ ಹೋಗುತ್ತಾಳೆ. ನನ್ನ ಹೆಸರು ಬಂದಾಗ ನಾನು ಅಡುಗೆಮನೆಯಿಂದ ಓಗೊಡುತ್ತೇನೆ. ನನ್ನ ಗಂಡನಿಗೆ ಇದು ತಾಯಿಮಕ್ಕಳ ಆಟ.

ಮೊನ್ನೆ ಕಾಲೇಜಿನ ಕೆಲಸದ ಮೇಲೆ ಉಡುಪಿಗೆ ಹೋಗಿ ತಡವಾಯಿತು. ಸೂರ್ಯ ಇಳಿಯುವ ಹೊತ್ತಿಗೆ ನಾನಿನ್ನೂ ಬಸ್ಸಿನಲ್ಲಿದ್ದೆ. ಏನನ್ನೂ ಯೋಚಿಸದೆ ಕಿಟಕಿಯಾಚೆ ನೋಡುತ್ತಿದ್ದವಳ ಬಾಯಿಂದ ಇದ್ದಕ್ಕಿದ್ದಂತೆ, ಗಟ್ಟಿಯಾಗಿಯೇ, “ಹ್ವಾಯ್” ಎಂದು ಹೊರಟಿತು. ಕಂಡಕ್ಟರು ತಿರುಗಿ, “ಎಲ್ಲ್ ಇಳೂದ್ ಅಕ್ಕಾ?” ಎಂದ. ಪಕ್ಕದ ಹೆಂಗಸು ಚೂರು ಸರಿದು ಕುಳಿತಳು.

ಮನೆಗೆ ಬಂದಾಗ ಗಂಡ ಅನ್ನಕ್ಕಿಟ್ಟಿದ್ದ. “ಇವತ್ತು ನಿನ್ನ ಹೆಸರಿಗೆ ಬಂದು ಸುಮ್ಮನೆ ನಿಂತುಬಿಟ್ಟಿದ್ದಳು. ಒಳಗೆ ಬಾ ಅಂದರೂ ಬರಲಿಲ್ಲ. ಆಮೇಲೆ ತಾನಾಗೇ ಮುಂದಕ್ಕೆ ಹೋದಳು” ಎಂದ, ಹಾಲು ಉಕ್ಕಿದ ವಿಷಯ ಹೇಳುವಂತೆ.

ಇಂಚರ ನೆಲದ ಮೇಲೆ ಕುಳಿತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ನಾನು ಅವಳ ಎದುರು ಕುಳಿತೆ. ಅವಳು ತಲೆಯೆತ್ತಲಿಲ್ಲ.

“ತಡ ಮಾಡ್ದೆ ನೀ” ಎಂದಳು. “ಇನ್ನೊಂಚೂರ್ ತಡ ಆಯಿದ್ರೆ ನಿನ್ನ್ ಬದ್ಲಿಗೆ ಅಕ್ಕು ಓಗೊಡ್ತಿತ್ತ್.”